ಲೂಪ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಕುಳಿತರೆ ಬರುವುದಿಲ್ಲ: ಅಭ್ಯಾಸ ಹೇಗೆ ಮಾಡಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿನಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ವೇರಿಯಬಲ್, ಇಫ್, ಎಲ್ಸ್ ಇವುಗಳವರೆಗೆ ತೊಂದರೆಯಿರಲಿಲ್ಲ. ಲೂಪ್‌ಗೆ ಬಂದ ಮೇಲೆ, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗಕ್ಕೆ ಬಂದ ಮೇಲೆ, ಕಲಿಕೆ ನಿಂತಲ್ಲೇ ನಿಂತಿದೆ. ಬೇರೆಯವರ ಕೋಡ್ ಓದುವಾಗ ಪ್ರತಿ ಸಾಲೂ ಅರ್ಥವಾಗುತ್ತದೆ, ಆದರೆ ಅದನ್ನೇ ಮುಚ್ಚಿಟ್ಟು ಸ್ವಂತವಾಗಿ ಬರೆಯಲು ಕುಳಿತರೆ ಯಾವ ಸಾಲು ಲೂಪಿನ ಒಳಗಿರಬೇಕು, ಯಾವುದು ಹೊರಗಿರಬೇಕು ಎಂಬುದೇ ತೋಚುವುದಿಲ್ಲ. ನಕ್ಷತ್ರ ಚಿಹ್ನೆಗಳ ತ್ರಿಕೋನಗಳನ್ನು ಹತ್ತಾರು ಬಾರಿ ಬರೆದಿದ್ದೇನೆ. ಅವು ಈಗ ಬಾಯಿಪಾಠವಾಗಿವೆಯೇ ಹೊರತು ಹೊಸ ಲೆಕ್ಕ ಕೊಟ್ಟರೆ ಕೈ ಓಡುವುದಿಲ್ಲ.

ನಿನ್ನೆ ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿಸುವ ಪ್ರೋಗ್ರಾಂ ಬರೆದೆ. 4729 ಕೊಟ್ಟರೆ 22 ಬರಬೇಕಿತ್ತು, 4 ಬಂತು. ಲೂಪಿನ ಭಾಗ ಹೀಗಿದೆ (ವೈಲ್ ಎಂದರೆ ಷರತ್ತು ನಿಜವಾಗಿರುವವರೆಗೆ ಓಡುವ ಲೂಪ್; % 10 ಸಂಖ್ಯೆಯ ಕೊನೆಯ ಅಂಕಿಯನ್ನು ಕೊಡುತ್ತದೆ, // 10 ಆ ಅಂಕಿಯನ್ನು ತೆಗೆದುಹಾಕುತ್ತದೆ):

ವೈಲ್ ಸಂಖ್ಯೆ > 0:
    ಮೊತ್ತ = 0
    ಮೊತ್ತ = ಮೊತ್ತ + ಸಂಖ್ಯೆ % 10
    ಸಂಖ್ಯೆ = ಸಂಖ್ಯೆ // 10

ತಪ್ಪು ಎಲ್ಲಿದೆ ಎಂಬುದರ ಜೊತೆಗೆ, ಇಂತಹ ತಪ್ಪನ್ನು ನಾನೇ ಹಿಡಿಯುವಂತಾಗಲು ಯಾವ ಬಗೆಯ ಅಭ್ಯಾಸ ಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1:

ತಪ್ಪನ್ನು ನೇರವಾಗಿ ಹೇಳಿಬಿಟ್ಟರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ, ಆದ್ದರಿಂದ ಅದನ್ನು ಹಿಡಿಯುವ ಬಗೆಯನ್ನೇ ಹೇಳುತ್ತೇನೆ. ಕಂಪ್ಯೂಟರನ್ನು ಬದಿಗಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಸುತ್ತು, ಮೊತ್ತ, ಸಂಖ್ಯೆ ಎಂದು ಮೂರು ಕಾಲಂ ಎಳೆದು, ಪ್ರತಿ ಸುತ್ತು ಮುಗಿದಾಗ ಯಾವ ವೇರಿಯಬಲ್‌ನಲ್ಲಿ ಏನಿದೆ ಎಂದು ಬರೆಯುತ್ತಾ ಹೋಗಿ. ಇದನ್ನೇ ಡ್ರೈ ರನ್ ಎನ್ನುತ್ತಾರೆ. ನಿಮ್ಮ ಕೋಡಿನಲ್ಲಿ ಮೊದಲ ಸುತ್ತಿನ ಕೊನೆಗೆ ಮೊತ್ತ 9, ಸಂಖ್ಯೆ 472 ಆಗುತ್ತದೆ. ಎರಡನೆಯ ಸುತ್ತಿನ ಕೊನೆಗೆ ಮೊತ್ತ 11 ಆಗಬೇಕಿತ್ತು. ಆದರೆ ಸುತ್ತು ಆರಂಭವಾದ ಕೂಡಲೇ ಮೊತ್ತ ಮತ್ತೆ ಸೊನ್ನೆಯಾಗುವುದರಿಂದ 2 ಮಾತ್ರ ಉಳಿಯುತ್ತದೆ. ಮುಂದೆ 7, ಕೊನೆಗೆ 4. ನಿಮಗೆ ಬಂದ ಉತ್ತರ ಆ ಕೊನೆಯ 4, ಅಂದರೆ ಸಂಖ್ಯೆಯ ಮೊದಲ ಅಂಕಿ.

ಒಂದು ಸಾಲು ಒಳಗಿರಬೇಕೋ ಹೊರಗಿರಬೇಕೋ ಎಂಬ ಗೊಂದಲಕ್ಕೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಕೆಲಸ ಎಷ್ಟು ಸಲ ಆಗಬೇಕು? ಮೊತ್ತವನ್ನು ಸೊನ್ನೆಗೆ ಇಡುವುದು ಒಮ್ಮೆ, ಆದ್ದರಿಂದ ಅದು ಲೂಪಿನ ಮೇಲೆ. ಕೂಡಿಸುವುದು ಪ್ರತಿ ಅಂಕಿಗೂ, ಆದ್ದರಿಂದ ಒಳಗೆ. ಉತ್ತರ ತೋರಿಸುವುದು ಮತ್ತೆ ಒಮ್ಮೆ, ಆದ್ದರಿಂದ ಲೂಪಿನ ಕೆಳಗೆ, ಇಂಡೆಂಟ್ (ಸಾಲಿನ ಆರಂಭದ ಖಾಲಿ ಜಾಗ) ಇಲ್ಲದೆ.

ಇನ್ನೊಂದು ಪ್ರಯೋಗ ಮಾಡಿ ನೋಡಿ. ಕೊನೆಯ ಸಾಲಿನ ಎರಡು ಓರೆಗೆರೆಗಳಲ್ಲಿ ಒಂದನ್ನು ಅಳಿಸಿ. ಆಗ ಭಾಗಾಕಾರ ದಶಮಾಂಶಕ್ಕೆ ತಿರುಗಿ ಸಂಖ್ಯೆ 472.9 ಆಗುತ್ತದೆ, ನಾಲ್ಕು ಸುತ್ತಿಗೆ ಮುಗಿಯಬೇಕಿದ್ದ ಲೂಪ್, ಆ ದಶಮಾಂಶ ಸಣ್ಣದಾಗುತ್ತಾ ಆಗುತ್ತಾ ಕಂಪ್ಯೂಟರ್ ಅದನ್ನು ಸೊನ್ನೆಯೆಂದೇ ಪರಿಗಣಿಸುವವರೆಗೆ, ಅಂದರೆ 300ಕ್ಕೂ ಹೆಚ್ಚು ಸುತ್ತು ಓಡುತ್ತದೆ. ಬೇಕೆಂದೇ ಕೋಡನ್ನು ಕೆಡಿಸಿ, ಏನಾಗಬಹುದು ಎಂದು ಮೊದಲು ಊಹಿಸಿ, ಆಮೇಲೆ ಓಡಿಸಿ ನೋಡುವುದರಿಂದ ನಾನು ಕಲಿತಷ್ಟನ್ನು ಸರಿಯಾದ ಕೋಡನ್ನು ಹತ್ತು ಸಲ ಟೈಪ್ ಮಾಡಿ ಕಲಿತಿಲ್ಲ.

ಉತ್ತರ 2:

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನಕ್ಷತ್ರಗಳ ಪರವಾಗಿ ಎರಡು ಮಾತು ಹೇಳಬೇಕು. ತಪ್ಪು ಆ ಲೆಕ್ಕಗಳದ್ದಲ್ಲ, ಉತ್ತರ ನೋಡಿ ಬರೆಯುವ ಅಭ್ಯಾಸದ್ದು. ಐದು ಸಾಲಿನ ಪಿರಮಿಡ್ ತೆಗೆದುಕೊಳ್ಳಿ. ಕೋಡ್ ಬರೆಯುವ ಮೊದಲು ಪ್ರತಿ ಸಾಲಿನಲ್ಲಿ ಎಷ್ಟು ಖಾಲಿ ಜಾಗ, ಎಷ್ಟು ನಕ್ಷತ್ರ ಎಂದು ಎಣಿಸಿ: ಖಾಲಿ ಜಾಗ 4, 3, 2, 1, 0, ನಕ್ಷತ್ರ 1, 3, 5, 7, 9. ಸಾಲಿನ ಕ್ರಮಸಂಖ್ಯೆಗೂ ಇವಕ್ಕೂ ಏನು ಸಂಬಂಧ? ಐದರಿಂದ ಸಾಲಿನ ಸಂಖ್ಯೆಯನ್ನು ಕಳೆದರೆ ಖಾಲಿ ಜಾಗ ಸಿಗುತ್ತದೆ, ಸಾಲಿನ ಸಂಖ್ಯೆಯ ಎರಡರಷ್ಟರಲ್ಲಿ ಒಂದು ಕಳೆದರೆ ನಕ್ಷತ್ರ ಸಿಗುತ್ತದೆ. ಈ ಸಂಬಂಧವನ್ನು ಸ್ವತಃ ಕಂಡುಕೊಂಡವರಿಗೆ, ಒಳಗಿನ ಲೂಪಿನ ಮಿತಿಯನ್ನು ಹೊರಗಿನ ಲೂಪಿನ ವೇರಿಯಬಲ್ ನಿರ್ಧರಿಸುತ್ತದೆ ಎಂಬ ಮುಖ್ಯ ವಿಷಯ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಎಣಿಸಿದಷ್ಟು ಸಲ ಓಡುವ ಫಾರ್ ಲೂಪಿನಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ಕೊನೆಯ ಮೆಟ್ಟಿಲಲ್ಲಿ. ಎಣಿಕೆಯ ಸಂಖ್ಯೆಗಳನ್ನು ಕೊಡುವ ಪೈಥಾನಿನ ರೇಂಜ್(1, 10) ಎಂಬುದು 9ಕ್ಕೇ ನಿಲ್ಲುತ್ತದೆ, ಹಾಗಾಗಿ 1ರಿಂದ 10ರವರೆಗಿನ ಮೊತ್ತ 55ರ ಬದಲು 45 ಬರುತ್ತದೆ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಲೆಕ್ಕಗಳನ್ನೇ ಆರಂಭದಲ್ಲಿ ಆರಿಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಉತ್ತರ 3:

ಫಾರ್ ಬೇಕೋ ವೈಲ್ ಬೇಕೋ ಎಂಬ ವಿವೇಚನೆ ಬೆಳೆಯಲು ಒಂದು ಲೆಕ್ಕ ಸೂಚಿಸುತ್ತೇನೆ. ಯಾವುದಾದರೂ ಧನ ಪೂರ್ಣಾಂಕ ತೆಗೆದುಕೊಳ್ಳಿ. ಅದು ಸಮವಾಗಿದ್ದರೆ ಅರ್ಧ ಮಾಡಿ, ಬೆಸವಾಗಿದ್ದರೆ ಮೂರರಿಂದ ಗುಣಿಸಿ ಒಂದು ಸೇರಿಸಿ. 1 ಬರುವವರೆಗೆ ಹೀಗೇ ಮುಂದುವರಿಸಿ. 6ರಿಂದ ಹೊರಟರೆ 3, 10, 5, 16, 8, 4, 2, 1 ಎಂದು ಎಂಟು ಹೆಜ್ಜೆಗೆ ಮುಗಿಯುತ್ತದೆ. 27ರಿಂದ ಹೊರಟರೆ 111 ಹೆಜ್ಜೆ ಬೇಕು, ನಡುವೆ ಸಂಖ್ಯೆ 9232ರವರೆಗೆ ಏರಿ ಇಳಿಯುತ್ತದೆ. ಎಷ್ಟು ಸುತ್ತು ಎಂದು ಮೊದಲೇ ಹೇಳಲು ಬಾರದ ಇಂತಹ ಕಡೆ ವೈಲ್ ಸಹಜವಾದ ಆಯ್ಕೆ. ಸುತ್ತುಗಳ ಎಣಿಕೆ ಗೊತ್ತಿರುವಲ್ಲಿ ಫಾರ್. ಅಂದಹಾಗೆ, ಪ್ರತಿ ಸಂಖ್ಯೆಯೂ ಕೊನೆಗೆ 1ಕ್ಕೆ ಬಂದೇ ಬರುತ್ತದೆ ಎಂಬುದನ್ನು ಗಣಿತಜ್ಞರು ಇನ್ನೂ ಸಾಧಿಸಿಲ್ಲ. ಕೊಲಾಟ್ಜ್ ಊಹೆ ಎಂದು ಪ್ರಸಿದ್ಧವಾದ ಸಮಸ್ಯೆ ಇದೇ.

ಪ್ರಶ್ನೆ ಕೇಳಿದವರು:

ಮೂವರಿಗೂ ಧನ್ಯವಾದಗಳು. ಮೊತ್ತದ ಸಾಲನ್ನು ಲೂಪಿನ ಮೇಲಕ್ಕೆ ಸರಿಸಿದೆ, 22 ಬಂತು. ಹಾಳೆಯ ಮೇಲೆ ಬರೆದಾಗ ಎರಡನೆಯ ಸುತ್ತಿನಲ್ಲೇ ತಪ್ಪು ಕಣ್ಣಿಗೆ ಬಿದ್ದದ್ದು ನೋಡಿ ಆಶ್ಚರ್ಯವಾಯಿತು. ಆದರೆ ಇನ್ನೊಂದು ತೊಡಕು ಎದುರಾಗಿದೆ. ಋಣ ಸಂಖ್ಯೆಗಳಿಗೂ ನಡೆಯಲಿ ಎಂದು ‘ಸಂಖ್ಯೆ > 0’ ಎಂಬ ಷರತ್ತನ್ನು ‘ಸಂಖ್ಯೆ != 0’ (ಸಂಖ್ಯೆ ಸೊನ್ನೆಯಲ್ಲದಿರುವವರೆಗೆ) ಎಂದು ಬದಲಿಸಿ -47 ಕೊಟ್ಟೆ; ಪ್ರೋಗ್ರಾಂ ನಿಲ್ಲಲೇ ಇಲ್ಲ, ಕಂಟ್ರೋಲ್ ಮತ್ತು ಸಿ ಕೀಗಳನ್ನು ಒಟ್ಟಿಗೆ ಒತ್ತಿ ನಿಲ್ಲಿಸಬೇಕಾಯಿತು.

ಉತ್ತರ 1 ಬರೆದವರು:

ಮತ್ತೆ ಹಾಳೆ ತೆಗೆಯಿರಿ. ಪೈಥಾನಿನಲ್ಲಿ ಎರಡು ಓರೆಗೆರೆಗಳ ಭಾಗಾಕಾರ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಆದ್ದರಿಂದ -47 ಮೊದಲ ಸುತ್ತಿನಲ್ಲಿ -5 ಆಗುತ್ತದೆ, ಎರಡನೆಯದರಲ್ಲಿ -1, ಮೂರನೆಯದರಲ್ಲೂ -1. ಅದು ಸೊನ್ನೆಯನ್ನು ಮುಟ್ಟುವುದೇ ಇಲ್ಲ. ಲೂಪಿಗೆ ಮೊದಲೇ ಸಂಖ್ಯೆಯ ಚಿಹ್ನೆಯನ್ನು ತೆಗೆದುಹಾಕಿ, ಅದಕ್ಕೆ ಏಬಿಎಸ್ ಎಂಬ ಫಂಕ್ಷನ್ ಇದೆ. ನಿಮ್ಮ ಹಳೆಯ ಷರತ್ತನ್ನೇ ಉಳಿಸಿಕೊಳ್ಳಬಹುದು.