ಟೆಕ್ಸಸ್‌ನಲ್ಲಿ ಹ್ಯಾಂಡ್‌ಗನ್ ಲೈಸೆನ್ಸ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್ ಹತ್ತಿರ ಇದ್ದೇನೆ, ಗ್ರೀನ್ ಕಾರ್ಡ್ ಇದೆ. ರಾತ್ರಿ ಅಂಗಡಿ ಮುಚ್ಚಿ ಒಬ್ಬನೇ ಮನೆಗೆ ಬರಬೇಕು. ಅದಕ್ಕೇ ಹ್ಯಾಂಡ್‌ಗನ್ ಜೊತೆಗಿಟ್ಟುಕೊಳ್ಳುವ ಲೈಸೆನ್ಸ್‌ಗೆ ಅರ್ಜಿ ಹಾಕುತ್ತಿದ್ದೇನೆ. 2021ರಿಂದ ಇಲ್ಲಿ ಹೆಚ್ಚಿನವರಿಗೆ ಲೈಸೆನ್ಸ್ ಬೇಕಿಲ್ಲ, ನಿಜ. ಆದರೆ ಬೇರೆ ಎಷ್ಟೋ ರಾಜ್ಯಗಳಲ್ಲಿ ಟೆಕ್ಸಸ್ ಲೈಸೆನ್ಸ್ ನಡೆಯುತ್ತದೆ. ಜೊತೆಗೆ, ಸರಿಯಾಗಿ ಕಲಿಯದೆ ಗನ್ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

40 ಡಾಲರ್ ಫೀಸು, ಕ್ಲಾಸು, ಗುರಿ ಪರೀಕ್ಷೆ, ಬೆರಳಚ್ಚು ಎಲ್ಲ ಗೊತ್ತು. ತೊಡಕಿರುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದಿದ್ದಾರೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಬರೀ ಇನಿಶಿಯಲ್. ನಮ್ಮ ಕಡೆಯವರಿಗೆ ಇದು ಮಾಮೂಲು, ಅಲ್ವಾ? ಅರ್ಜಿಯಲ್ಲಿ ಯಾವುದನ್ನು ಬರೆದಿರಿ? ಮೊದಲು ಡ್ರೈವಿಂಗ್ ಲೈಸೆನ್ಸ್ ತಿದ್ದಿಸಬೇಕಾ?

ಇನ್ನೊಂದು ವಿಷಯಕ್ಕೆ ಜಾಸ್ತಿ ಚಿಂತೆ. ತಮ್ಮ ಎಚ್1ಬಿ ವೀಸಾದಲ್ಲಿ ನಮ್ಮ ಮನೆಯಲ್ಲೇ ಇದ್ದಾನೆ. ಆ ವೀಸಾದವರು ಸಾಮಾನ್ಯವಾಗಿ ಗನ್ ಹೊಂದುವಂತಿಲ್ಲ ಎಂದು ಫೆಡರಲ್ ಕಾನೂನೇ ಹೇಳುತ್ತದೆ. ನನಗೆ ಮಾತ್ರ ಕೋಡ್ ಗೊತ್ತಿರುವ ಸೇಫ್‌ನಲ್ಲಿಟ್ಟರೆ ಸಾಕಾ? ಅವನ ವೀಸಾಗೆ ಕುತ್ತು ಬರಬಾರದು. ಇದೇ ಪರಿಸ್ಥಿತಿಯಲ್ಲಿ ವಕೀಲರನ್ನು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ.