ಪ್ರಪಂಚಕ್ಕೆ 19 ಟೆರಾವ್ಯಾಟ್ ಅಂತಾರೆ, ಅದು ದಿನಕ್ಕಾ ವರ್ಷಕ್ಕಾ?

ಹಾಸನದ ಹುಡುಗ:
ಒಂದು ವಿಡಿಯೋದಲ್ಲಿ ಇಡೀ ಪ್ರಪಂಚ ಸುಮಾರು 19 ಟೆರಾವ್ಯಾಟ್ ಬಳಸುತ್ತದೆ ಅಂದರು. ದಿನಕ್ಕಾ, ವರ್ಷಕ್ಕಾ, ಏನೂ ಹೇಳಲಿಲ್ಲ. ಇನ್ನೊಂದು ಕಡೆ ವರ್ಷಕ್ಕೆ 600 ಎಕ್ಸಾಜೂಲ್ ಅಂತಿದೆ, ಮತ್ತೊಂದು ಕಡೆ ವರ್ಷಕ್ಕೆ 30 ಸಾವಿರ ಟೆರಾವ್ಯಾಟ್-ಅವರ್. ಮೂರೂ ಒಂದೇನಾ? ನನಗೆ ಕರೆಂಟ್ ಬಿಲ್ಲಿನ ಯೂನಿಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲ, ಆ ಲೆಕ್ಕದಲ್ಲೇ ಯಾರಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಲೈನ್‌ಮ್ಯಾನ್ ಮಗ:
ದಿನಕ್ಕೂ ಅಲ್ಲ, ವರ್ಷಕ್ಕೂ ಅಲ್ಲ. ವ್ಯಾಟ್ ಅಂದರೇನೇ ಸೆಕೆಂಡಿಗೆ ಒಂದು ಜೂಲ್, ಸಮಯ ಅದರೊಳಗೇ ಕೂತಿದೆ. ಮಳೆಗಾಲದಲ್ಲಿ ಕೆಆರ್‌ಎಸ್ ಸುದ್ದಿ ಓದುತ್ತೀರಲ್ಲ, ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ ಅಂತ. ವ್ಯಾಟ್ ಕ್ಯೂಸೆಕ್ ಇದ್ದ ಹಾಗೆ, ಯೂನಿಟ್ ಟಿಎಂಸಿ ಇದ್ದ ಹಾಗೆ. 1000 ವ್ಯಾಟಿನ ಕಾಯಿಲ್ ಒಂದು ಗಂಟೆ ನೀರು ಕಾಯಿಸಿದರೆ ಒಂದು ಯೂನಿಟ್, ಅಂದರೆ 36 ಲಕ್ಷ ಜೂಲ್.

ಈಗ 600 ಎಕ್ಸಾಜೂಲ್ ತಗೊಳ್ಳಿ, 600ರ ಮುಂದೆ 18 ಸೊನ್ನೆ. ವರ್ಷಕ್ಕೆ ಸುಮಾರು 3 ಕೋಟಿ 15 ಲಕ್ಷ ಸೆಕೆಂಡ್. ಭಾಗಿಸಿದರೆ ನಿಮ್ಮ 19 ಟೆರಾವ್ಯಾಟ್ ಬರುತ್ತದೆ. ಹಾಗಾಗಿ ಅವೆರಡೂ ಒಂದೇ. ಒಂದು ಟೆರಾವ್ಯಾಟ್ ಅಂದರೆ 10 ಲಕ್ಷ ಮೆಗಾವ್ಯಾಟ್. ನಮ್ಮ ಶರಾವತಿ 1035 ಮೆಗಾವ್ಯಾಟ್ ಅಲ್ವಾ, ಅಂಥವು 18 ಸಾವಿರಕ್ಕೂ ಜಾಸ್ತಿ, ಹಗಲು ರಾತ್ರಿ ಫುಲ್ ಓಡಬೇಕು!

ಮೂರನೆಯದು ಬೇರೆ, ಅದು ಬರೀ ಕರೆಂಟ್. ವರ್ಷದ 8760 ಗಂಟೆಗೆ ಹಂಚಿದರೆ 3.4 ಟೆರಾವ್ಯಾಟ್ ಆಗುತ್ತದೆ. ಉಳಿದದ್ದು ಗಾಡಿ, ಹಡಗು, ಕಾರ್ಖಾನೆ, ಅಡುಗೆ ಒಲೆ. ಜೊತೆಗೆ ಥರ್ಮಲ್ ಸ್ಟೇಷನ್ನಿನಲ್ಲಿ ಸುಟ್ಟ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲಿನಷ್ಟೇ ಕರೆಂಟ್ ಆಗುವುದು, ಮಿಕ್ಕಿದ್ದೆಲ್ಲ ಸುಮ್ನೆ ಬಿಸಿಯಾಗಿ ಆಚೆ ಹೋಗುತ್ತದೆ. ಆ ನಷ್ಟವೂ 600ರ ಒಳಗೇ ಸೇರಿದೆ.

ಸುಮಾ ಮೈಸೂರು:
ತಲೆಗೆ ಹಂಚಿ ನೋಡಿದೆ. 800 ಕೋಟಿ ಜನಕ್ಕೆ 19 ಟೆರಾವ್ಯಾಟ್ ಅಂದರೆ ಒಬ್ಬರಿಗೆ ಸುಮಾರು 2400 ವ್ಯಾಟ್, ದಿನಕ್ಕೆ 57 ಯೂನಿಟ್! ನಮ್ಮ ಮನೆಗೆಲ್ಲ ಸೇರಿ ದಿನಕ್ಕೆ ಮೂರು ಯೂನಿಟ್ ಆಗುತ್ತದೆ ಅಷ್ಟೇ. ಯಾರು ತಿನ್ನುತ್ತಿದ್ದಾರೆ ಇದನ್ನೆಲ್ಲ?

ಲೈನ್‌ಮ್ಯಾನ್ ಮಗ:
ಮೇಡಂ, ಮೀಟರಿಗೆ ಕಾಣದ್ದೇ ಜಾಸ್ತಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಇದೆ, ಒಂದು ಗ್ಯಾಸ್ ಸಿಲಿಂಡರಿನಲ್ಲಿ 180ರಷ್ಟು. ಮನೆ ಕಟ್ಟಿದ ಸಿಮೆಂಟ್, ಕಬ್ಬಿಣ, ಗದ್ದೆಗೆ ಹಾಕುವ ಯೂರಿಯಾ, ಎಲ್ಲಕ್ಕೂ ಎಲ್ಲೋ ಏನೋ ಉರಿದಿರುತ್ತದೆ. ಅದೂ ಅಲ್ಲದೆ ಸರಾಸರಿ ಅನ್ನುವುದೇ ಮೋಸ. ಅಮೆರಿಕದವನ ಪಾಲು 9 ಸಾವಿರ ವ್ಯಾಟಿನ ಹತ್ತಿರ, ನಮ್ಮ ದೇಶದ್ದು ಒಂದು ಸಾವಿರಕ್ಕೂ ಕಡಿಮೆ.

ಕಾರವಾರಿ:
ನನ್ನ ಸಿಟ್ಟು ಪೇಪರಿನವರ ಮೇಲೆ. 'ದಿನಕ್ಕೆ 300 ಮೆಗಾವ್ಯಾಟ್ ಉತ್ಪಾದನೆ' ಅಂತ ಬರೆಯುತ್ತಾರೆ, ಏನರ್ಥ ಅದಕ್ಕೆ? ಮೆಗಾವ್ಯಾಟ್ ಹೇಳುವುದು ತಾಕತ್ತು ಎಷ್ಟು ಅಂತ, ಎಷ್ಟು ಹೊತ್ತು ಓಡಿತು ಅಂತ ಅಲ್ಲ. ಪಾವಗಡ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್, ನಮ್ಮ ಕೈಗಾ 220ರ ನಾಲ್ಕು ಘಟಕ ಸೇರಿ 880. ಆದರೂ ವರ್ಷದ ಯೂನಿಟ್ ಲೆಕ್ಕ ಹಾಕಿದರೆ ಕೈಗಾನೇ ಮುಂದೆ, ಯಾಕಂದರೆ ಸೂರ್ಯ ಸಂಜೆಗೆ ಮನೆಗೆ ಹೋಗುತ್ತಾನೆ, ಮೋಡ ಬಂದರೆ ಹಗಲಲ್ಲೂ ಅರ್ಧ ರಜ. ಕೈಗಾದ ಒಂದನೇ ಘಟಕ 962 ದಿನ ಒಂದೇ ಸಮನೆ ಓಡಿ 2018ರ ಕೊನೆಗೆ ನಿಂತಿತು, ಆಗ ಅದು ವಿಶ್ವದಾಖಲೆ. ಸೋಲಾರ್ ಬೇಡ ಅಂತಲ್ಲ ನಾನು ಹೇಳುತ್ತಿರುವುದು, ಬರೀ ಮೆಗಾವ್ಯಾಟ್ ನೋಡಿ ಹೋಲಿಸಬೇಡಿ ಅಷ್ಟೇ.

ಹಾಸನದ ಹುಡುಗ:
ಕ್ಯೂಸೆಕ್ ಲೆಕ್ಕ ತಲೆಗೆ ಹೋಯಿತು, ಥ್ಯಾಂಕ್ಸ್ ಅಣ್ಣ. ಹಾಗಾದರೆ ನಮ್ಮ ತೋಟದ 5 ಎಚ್‌ಪಿ ಮೋಟಾರು ಏಳು ಗಂಟೆ ಓಡಿದರೆ ಎಷ್ಟು ಯೂನಿಟ್? ಐಪಿ ಸೆಟ್ಟಿಗೆ ಮೀಟರೇ ಇಲ್ಲ, ನೋಡೋಣ ಅಂದರೆ.

ಲೈನ್‌ಮ್ಯಾನ್ ಮಗ:
ಒಂದು ಎಚ್‌ಪಿ 746 ವ್ಯಾಟ್. ಐದಕ್ಕೆ 3.7 ಕಿಲೋವ್ಯಾಟ್, ಏಳು ಗಂಟೆಗೆ 26 ಯೂನಿಟ್. ಆದರೆ ಅದು ಮೋಟಾರಿನ ಶಾಫ್ಟಿನಿಂದ ಆಚೆ ಬರುವ ಲೆಕ್ಕ, ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. ಫುಲ್ ಲೋಡಿನಲ್ಲಿ ಓಡಿದರೆ 30ರ ಮೇಲೇ ಅಂದುಕೊಳ್ಳಿ. ರಿವೈಂಡ್ ಮಾಡಿಸಿದ ಹಳೇ ಮೋಟಾರಾದರೆ ಇನ್ನೂ ಸ್ವಲ್ಪ ಸೇರಿಸಿ.