ಗೇಮ್ ಆಡ್ತಿರೋವಾಗ ಮಾತ್ರ ಪಿಸಿ ಕ್ರ್ಯಾಶ್, ಎಲ್ಲಾ ಟ್ರೈ ಮಾಡಿ ಆಯ್ತು, ಯಾರಾದ್ರೂ ಹೆಲ್ಪ್ ಮಾಡಿ

ಬೇಜಾರ್_ಗೇಮರ್:
ಎರಡು ವಾರದಿಂದ ಇದೇ ಗೋಳು. ಗೇಮ್ ಹಾಕಿದ್ರೆ ಹತ್ತು ನಿಮಿಷಕ್ಕೋ ಒಂದು ಗಂಟೆಗೋ ಕ್ರ್ಯಾಶ್. ಒಂದೊಂದ್ಸಲ ಮೂರು ಗಂಟೆ ಆಡಿದ್ರೂ ಏನೂ ಆಗಲ್ಲ, ಅಂತೂ ಸರಿಹೋಯ್ತು ಅಂದ್ಕೊಳ್ಳೋ ಅಷ್ಟರಲ್ಲಿ ಮತ್ತೆ ಢಮಾರ್. ವಿಂಡೋಸ್ ಹೊಸದಾಗಿ ಹಾಕ್ದೆ, ಡ್ರೈವರ್ ಮೂರು ವರ್ಶನ್ ಬದಲಾಯಿಸ್ದೆ, ಗೇಮ್ ಫೈಲ್ಸ್ ವೆರಿಫೈ ಮಾಡ್ದೆ, ಬಯಾಸ್ (ಮದರ್‌ಬೋರ್ಡ್ ಒಳಗಿನ ಸಾಫ್ಟ್‌ವೇರ್) ಕೂಡ ಅಪ್‌ಡೇಟ್ ಮಾಡ್ದೆ. ಟೆಂಪ್ರೇಚರ್ ನಾರ್ಮಲ್. ಬ್ರೌಸಿಂಗು ವಿಡಿಯೋ ಎಲ್ಲಾ ಬೆಣ್ಣೆ ಥರ ಹೋಗತ್ತೆ, ಗೇಮ್ ಮಾತ್ರ ಆಗಲ್ಲ. ರೈಜನ್ 5600ಎಕ್ಸ್ ಪ್ರೊಸೆಸರ್, 3080 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್ಯಾಮ್. ತಲೆ ಕೆಟ್ಟು ಕೆರ ಹಿಡಿದೋಗಿದೆ.

ರ್ಯಾಮ್_ಬಾಣ:
ರ್ಯಾಮ್. ಎಕ್ಸ್‌ಎಂಪಿ (ರ್ಯಾಮ್ ಸ್ಪೀಡ್ ಏರಿಸೋ ಸೆಟ್ಟಿಂಗ್) ಆಫ್ ಮಾಡಿ ನೋಡಿ.

ಡ್ರೈವರ್_ದಾಸ:
ಡ್ರೈವರ್ ಬದಲಾಯಿಸ್ದೆ ಅಂದ್ರಲ್ಲ, ಸೇಫ್ ಮೋಡಿಗೆ ಹೋಗಿ ಡಿಡಿಯು (ಹಳೇ ಡ್ರೈವರ್ ಪೂರ್ತಿ ಕಿತ್ತಾಕೋ ಟೂಲ್) ಹಾಕಿ ಕ್ಲೀನ್ ಮಾಡಿದ್ರಾ ಇಲ್ಲಾ ಹಳೇದರ ಮೇಲೇ ಹೊಸದು ಜಡಿದ್ರಾ? ಹಂಗೆ ಮಾಡಿದ್ರೆ ಹಳೇ ಫೈಲ್ಸ್ ಅಲ್ಲೇ ಕೂತಿರತ್ತೆ.

ಹಳೇ_ಕೈ:
@ಡ್ರೈವರ್_ದಾಸ ವಿಂಡೋಸೇ ಹೊಸದಾಗಿ ಹಾಕಿದೀನಿ ಅಂತಿದಾರೆ, ಇನ್ಯಾವ ಹಳೇ ಫೈಲ್ಸು ಮಾರಾಯ್ರೆ.
@ಬೇಜಾರ್_ಗೇಮರ್ ಕ್ರ್ಯಾಶ್ ಅಂದ್ರೆ ಏನಾಗತ್ತೆ ಅಂತ ಬಿಡಿಸಿ ಹೇಳಿ. ಗೇಮ್ ಕ್ಲೋಸ್ ಆಗಿ ಡೆಸ್ಕ್‌ಟಾಪಿಗೆ ಬರತ್ತಾ, ನೀಲಿ ಸ್ಕ್ರೀನ್ ಬರತ್ತಾ, ಸ್ಕ್ರೀನ್ ಕಪ್ಪಾಗಿ ಸೌಂಡ್ ಮಾತ್ರ ಕೇಳಿಸ್ತಿರತ್ತಾ, ಇಲ್ಲಾ ಪೂರ್ತಿ ಡಬ್ಬಾನೇ ಆಫ್ ಆಗತ್ತಾ? ನಾಲ್ಕಕ್ಕೂ ನಾವು ಒಂದೇ ಹೆಸರಿಟ್ಕೊಂಡಿದೀವಿ, ಕಾಯಿಲೆ ಬೇರೆ ಬೇರೆ.

ಡ್ರೈವರ್_ದಾಸ:
ಹೊಸ ವಿಂಡೋಸಲ್ಲಿ ವಿಂಡೋಸ್ ಅಪ್‌ಡೇಟೇ ತಾನಾಗಿ ಒಂದು ಡ್ರೈವರ್ ಹಾಕ್ಬಿಡತ್ತೆ, ಗೊತ್ತಿಲ್ದೆ ಮಾತಾಡ್ಬೇಡಿ.

ಬೇಜಾರ್_ಗೇಮರ್:
ಕ್ರ್ಯಾಶ್ ಅಂದ್ರೆ ಕ್ರ್ಯಾಶು ಬಾಸ್, ಆಫ್ ಆಗತ್ತೆ. ವಿಂಡೋಸ್ ಲಾಗ್ ತೋರ್ಸೋ ಈವೆಂಟ್ ವ್ಯೂವರಲ್ಲಿ ಸಾಲಾಗಿ ಕರ್ನಲ್-ಪವರ್ 41 ಅಂತ ಕೆಂಪಗೆ ಕೂತಿದೆ. ಅದರ ಬಗ್ಗೆ ಹತ್ತು ವಿಡಿಯೋ ನೋಡ್ದೆ, ಒಬ್ಬ ಪವರ್ ಪ್ಲಾನ್ ಬದಲಾಯಿಸು ಅಂತಾನೆ, ಇನ್ನೊಬ್ಬ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡು ಅಂತಾನೆ. ಎರಡೂ ಮಾಡ್ದೆ, ಏನೂ ಉಪಯೋಗ ಇಲ್ಲ.

ಹಳೇ_ಕೈ:
41 ಕಾರಣ ಅಲ್ಲ ಗುರು. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗ್ಲಿಲ್ಲ ಅಂತ ವಿಂಡೋಸು ಮತ್ತೆ ಎದ್ದಮೇಲೆ ಬರೆದಿಡೋ ಚೀಟಿ ಅಷ್ಟೆ, ಕರೆಂಟ್ ಹೋದ್ರೂ ಅದೇ ಬರತ್ತೆ. ಅದರ ಡೀಟೇಲ್ಸ್ ಟ್ಯಾಬಲ್ಲಿ ಬಗ್‌ಚೆಕ್‌ಕೋಡ್ (ನೀಲಿ ಸ್ಕ್ರೀನಿನ ಎರರ್ ನಂಬರ್) ಎಷ್ಟಿದೆ ನೋಡಿ. 0 ಇದ್ರೆ ನೀಲಿ ಸ್ಕ್ರೀನ್ ತೋರ್ಸೋಕೂ ಅದಕ್ಕೆ ಪುರುಸೊತ್ತು ಸಿಕ್ಕಿಲ್ಲ ಅಂತ. ಅಕ್ಕಪಕ್ಕ ವೀಯಾ-ಲಾಗರ್ 18 (ಹಾರ್ಡ್‌ವೇರ್ ಎರರ್ ಚೀಟಿ) ಏನಾದ್ರೂ ಇದ್ಯಾ ಅದೂ ನೋಡಿ, ಇದ್ರೆ ಪ್ರೊಸೆಸರ್ ಕಡೆ ಅನುಮಾನ.

ಬೇಜಾರ್_ಗೇಮರ್:
ಎಲ್ಲಾದ್ರಲ್ಲೂ 0. ವೀಯಾ ಅಂತ ಒಂದೂ ಇಲ್ಲ.

ರ್ಯಾಮ್_ಬಾಣ:
ನಂಗೆ ರ್ಯಾಮ್ ಕೆಟ್ಟಾಗ್ಲೂ ನೀಲಿ ಸ್ಕ್ರೀನ್ ಬರ್ದೆ ಸೀದಾ ರೀಸ್ಟಾರ್ಟ್ ಆಗ್ತಿತ್ತು. ರ್ಯಾಮ್ ಟೆಸ್ಟ್ ಮಾಡೋ ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿ ರಾತ್ರಿ ಪೂರ್ತಿ ಬಿಡಿ, 4 ಪಾಸ್ ಆಗ್ಬೇಕು. ಒಂದೇ ಒಂದು ಎರರ್ ಬಂದ್ರೂ ಕಡ್ಡಿ ಬದಲಾಯಿಸಿ.

ನೀರ್_ತಂಪು:
ಟೆಂಪ್ರೇಚರ್ ನಾರ್ಮಲ್ ಅಂದ್ರೆ ಎಷ್ಟು? ಎಲ್ರೂ ನಾರ್ಮಲ್ ಅಂತಾನೇ ಹೇಳೋದು. ನಂದು ಕಸ್ಟಮ್ ಲೂಪು (ನೀರಿನ ಕೂಲಿಂಗು), ಎರಡು 360 ರೇಡಿಯೇಟರ್, ಫುಲ್ ಲೋಡಲ್ಲೂ ಜಿಪಿಯು (ಗ್ರಾಫಿಕ್ಸ್ ಚಿಪ್) 52 ಡಿಗ್ರಿ ದಾಟಲ್ಲ, ಫ್ಯಾನ್ ತಿರುಗ್ತಿದ್ಯೋ ಇಲ್ವೋ ಅಂತ ಬಗ್ಗಿ ನೋಡ್ಬೇಕು.

ಬೇಜಾರ್_ಗೇಮರ್:
ಜಿಪಿಯು 74, ಸಿಪಿಯು 70.

ಹೊಸಬ_22:
ನೀರ್_ತಂಪು ಸರ್, ಯಾವ ಪಂಪು ಹಾಕಿದೀರ? ಫೋಟೋ ಹಾಕಿ ಪ್ಲೀಸ್.

ನೀರ್_ತಂಪು:
ಡಿ5. ಸಂಜೆ ಹಾಕ್ತೀನಿ, ಟ್ಯೂಬೆಲ್ಲಾ ನಾನೇ ಬೆಂಡ್ ಮಾಡಿದ್ದು.

ಬೇಜಾರ್_ಗೇಮರ್:
ನನ್ನ ಪ್ರಾಬ್ಲಮ್ ಏನಾಯ್ತು?? ಮೆಮ್‌ಟೆಸ್ಟ್ ರಾತ್ರಿ ಪೂರ್ತಿ ಓಡ್ಸಿದೆ, 4 ಪಾಸು, ಎರರ್ ಸೊನ್ನೆ. ಎಕ್ಸ್‌ಎಂಪಿ ಆಫ್ ಮಾಡಿ ಆಡ್ದೆ, ಲೋಡಿಂಗ್ ಮುಗ್ದು ಸೀನ್ ಓಪನ್ ಆಗೋ ಹೊತ್ತಿಗೆ ಸರಿಯಾಗಿ ಟಕ್ ಅಂತು, ಎಲ್ಲಾ ಆಫ್. ಅದ್ಯಾವ ಕರ್ಮಾನೋ, ಬಟನ್ ಒತ್ತಿದ್ರೂ ಆನ್ ಆಗಲ್ಲ, ಪ್ರತಿಸಲ ಟೇಬಲ್ ಕೆಳಗೆ ನುಗ್ಗಿ ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡ್ಬೇಕು.

ಹಳೇ_ಕೈ:
ತಡೀರಿ ತಡೀರಿ. ಇದನ್ನ ಮೊದಲನೇ ಪೋಸ್ಟಲ್ಲೇ ಹೇಳ್ಬೇಕಿತ್ತಲ್ಲ ಸ್ವಾಮಿ! ಟಕ್ ಅಂದು ಸತ್ತು ಹಿಂದಿನ ಸ್ವಿಚ್ ತೆಗೆದು ಹಾಕೋವರ್ಗೂ ಏಳಲ್ಲ ಅಂದ್ರೆ ಪವರ್ ಸಪ್ಲೈ ಪ್ರೊಟೆಕ್ಷನ್ನಿಗೆ ಹೋಗಿ ಲಾಕ್ ಆಗ್ತಿದೆ. ಎಷ್ಟು ವ್ಯಾಟಿಂದು? ಕಾರ್ಡಿಗೆ ಎಷ್ಟು ಕೇಬಲ್ ಕೊಟ್ಟಿದೀರ?

ಬೇಜಾರ್_ಗೇಮರ್:
550, ಗೋಲ್ಡ್. ಮುಂಚೆ 1660 ಕಾರ್ಡ್ ಇತ್ತು, ಎರಡು ವರ್ಷ ಒಂದು ದಿನಾನೂ ತೊಂದ್ರೆ ಕೊಟ್ಟಿಲ್ಲ. 3080 ಹಾಕಿದ್ದು ಎರಡು ವಾರದ ಹಿಂದೆ. ಕೇಬಲ್ ಒಂದೇ, ತುದೀಲಿ ಎರಡು 8-ಪಿನ್ ಇದ್ಯಲ್ಲ ಅದು, ಎರಡನ್ನೂ ಚುಚ್ಚಿದೀನಿ.

ಹಳೇ_ಕೈ:
ಕಾರ್ಡ್ ಹಾಕಿದ್ದೂ ಎರಡು ವಾರದ ಹಿಂದೆ, ಪ್ರಾಬ್ಲಮ್ ಶುರುವಾಗಿದ್ದೂ ಎರಡು ವಾರದ ಹಿಂದೆ 🙂
1660 ಕುಡೀತಿದ್ದಿದ್ದು 120 ವ್ಯಾಟು, ಇದು 320. ಕಂಪನಿಯವರೇ ಇದಕ್ಕೆ 750 ಬೇಕು ಅಂದಿದಾರೆ. ಅದಕ್ಕಿಂತ ಮುಖ್ಯ ಏನಂದ್ರೆ 320 ಅನ್ನೋದು ಸರಾಸರಿ, ಕೆಲವು ಮಿಲಿಸೆಕೆಂಡು ಅದಕ್ಕಿಂತ ಎಷ್ಟೋ ಮೇಲೆ ಹಾರತ್ತೆ, ಸಾಫ್ಟ್‌ವೇರಲ್ಲಿ ಕಾಣ್ಸಲ್ಲ. ಲೋಡಿಂಗ್ ಮುಗ್ದ ತಕ್ಷಣ ಸಾಯ್ತಿರೋದು ಅದಕ್ಕೇ, ಸುಮ್ನೆ ಕೂತಿದ್ದ ಕಾರ್ಡು ಒಂದೇ ಏಟಿಗೆ ಎದ್ದು ಓಡತ್ತೆ.

ಡ್ರೈವರ್_ದಾಸ:
ಫರ್‌ಮಾರ್ಕ್ (ಕಾರ್ಡಿಗೆ ಫುಲ್ ಲೋಡ್ ಹಾಕೋ ಟೆಸ್ಟ್) 20 ನಿಮಿಷ ಓಡ್ಸಿ. ಪಾಸ್ ಆದ್ರೆ ಪವರ್ ಸಪ್ಲೈ ಚೆನ್ನಾಗಿದೆ ಅಂತ.

ಬೇಜಾರ್_ಗೇಮರ್:
ಅರ್ಧ ಗಂಟೆ ಓಡ್ಸಿದೆ, ಪಾಸು. ಗೋಲ್ಡ್ ಅಲ್ವಾ ಅದು, ಹಂಗೆಲ್ಲ ಕೆಡಲ್ಲ.

ಹಳೇ_ಕೈ:
ಗೋಲ್ಡ್ ಅಂದ್ರೆ ಗೋಡೆಯಿಂದ ತಗೊಂಡ ಕರೆಂಟಲ್ಲಿ ಎಷ್ಟು ವೇಸ್ಟ್ ಮಾಡ್ದೆ ಕೊಡತ್ತೆ ಅಂತ ಅಷ್ಟೆ, ಏಟು ತಡ್ಕೊಳ್ಳತ್ತಾ ಅನ್ನೋದು ಬೇರೆ ಮಾತು. ಫರ್‌ಮಾರ್ಕ್ ಒಂದೇ ಸಮ ಎಳೀತಿರತ್ತೆ, ಗೇಮು ಎಳೆದು ಬಿಟ್ಟು ಎಳೆದು ಬಿಟ್ಟು ಮಾಡತ್ತೆ. ಒಂದು ಕೆಲಸ ಮಾಡಿ, ಆಫ್ಟರ್‌ಬರ್ನರಲ್ಲಿ (ಕಾರ್ಡ್ ಸೆಟ್ಟಿಂಗ್ ಬದಲಾಯಿಸೋ ಸಾಫ್ಟ್‌ವೇರ್) ಪವರ್ ಲಿಮಿಟ್ 70 ಪರ್ಸೆಂಟಿಗೆ ಇಳಿಸಿ, ಗೇಮಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) 60ಕ್ಕೆ ಕಟ್ಟಿಹಾಕಿ, ಎರಡು ದಿನ ಆಡಿ. ದುಡ್ಡು ಖರ್ಚಿಲ್ಲ. ಆಫ್ ಆಗ್ಲಿಲ್ಲ ಅಂದ್ರೆ ಕಳ್ಳ ಸಿಕ್ದ.

ಲ್ಯಾಪ್‌ಟಾಪ್_ಪ್ರಜೆ:
ಹಾಯ್, ನನ್ನ ಲ್ಯಾಪ್‌ಟಾಪಲ್ಲೂ ಸೇಮ್ ಪ್ರಾಬ್ಲಮ್, ಗೇಮ್ ಆಡ್ವಾಗ ಸ್ಲೋ ಆಗತ್ತೆ.

ಹಳೇ_ಕೈ:
ಅದು ಸೇಮ್ ಅಲ್ಲ. ಬೇರೆ ಥ್ರೆಡ್ ಹಾಕಿ.

ಬೇಜಾರ್_ಗೇಮರ್:
ಎರಡು ದಿನ ಆಯ್ತು, 70ರಲ್ಲಿ ಒಂದ್ಸಲಾನೂ ಆಫ್ ಆಗಿಲ್ಲ. ನಿಜ ಹೇಳ್ಬೇಕಂದ್ರೆ ಆಡೋವಾಗ ಎಫ್‌ಪಿಎಸ್ ಕಮ್ಮಿ ಆಗಿದ್ದೂ ಅಷ್ಟಾಗಿ ಗೊತ್ತಾಗ್ಲಿಲ್ಲ. ಈಗ ಎರಡನೇ ಕೇಬಲ್ ಹಾಕ್ಬೇಕು, ಡ್ರಾಯರಲ್ಲಿ ಬೇರೆ ಒಂದು ಹಳೇ ಪವರ್ ಸಪ್ಲೈದು ಕೇಬಲ್ ಇದೆ, 8-ಪಿನ್ನೇ, ಸರಿಯಾಗಿ ಕೂರತ್ತೆ. ಹಾಕ್ಲಾ?

ಹಳೇ_ಕೈ:
ಬೇಡ!!! ಕಾರ್ಡಿನ ಕಡೆ ಪಿನ್ನು ಸ್ಟಾಂಡರ್ಡು, ಪವರ್ ಸಪ್ಲೈ ಕಡೆ ಒಬ್ಬೊಬ್ಬರದು ಒಂದೊಂದು ಥರ. ಸರಿಯಾಗಿ ಕೂರತ್ತೆ ಅನ್ನೋದೇ ಡೇಂಜರು, 12 ವೋಲ್ಟ್ ಬರ್ಬಾರ್ದ ಪಿನ್ನಿಗೆ ಬಂದ್ರೆ ಕಾರ್ಡಿಗೆ ಎಳ್ಳುನೀರು. ಈಗಿರೋದ್ರ ಡಬ್ಬದಲ್ಲೇ ಹುಡುಕಿ.

ನೀರ್_ತಂಪು:
ಹೌದು, ನಮ್ಮ ಫ್ರೆಂಡ್ ಹಿಂಗೇ ಹಾಕಿ ಎರಡು ಎಸ್‌ಎಸ್‌ಡಿ ಸುಟ್ಕೊಂಡ. (ಫೋಟೋ ಹಾಕಿದೀನಿ, ಸೆಟಪ್ ಥ್ರೆಡ್ಡಲ್ಲಿ ನೋಡಿ.)

ಬೇಜಾರ್_ಗೇಮರ್:
ಸದ್ಯ ಕೇಳಿದ್ದು ಒಳ್ಳೇದಾಯ್ತು. ಡಬ್ಬದಲ್ಲಿ ಇನ್ನೊಂದು ಕೇಬಲ್ ಕವರ್ ಸಮೇತ ಹಂಗೇ ಇತ್ತು. ಎರಡು ಬೇರೆ ಬೇರೆ ಕೇಬಲ್ ಹಾಕಿ, ಲಿಮಿಟ್ 100ಕ್ಕೆ ಬಿಟ್ಟು, 60ರ ಕಟ್ಟೂ ತೆಗೆದು ಆಡ್ದೆ. ಮೂರು ದಿನ ಏನೂ ಇಲ್ಲ, ಇವತ್ತು ಸಂಜೆ ಒಂದ್ಸಲ ಟಕ್. ಮೊದ್ಲು ದಿನಕ್ಕೆ ಮೂರು ನಾಕು ಆಗ್ತಿತ್ತು.

ಹಳೇ_ಕೈ:
ಅಂದ್ರೆ ಕೇಬಲ್ದೂ ಪಾಲಿತ್ತು, ಆದ್ರೆ 550ಕ್ಕೆ ಈ ಕಾರ್ಡು ಭಾರಾನೇ. 80ಕ್ಕೆ ಇಟ್ಕೊಂಡು ಆಡ್ತಿರಿ, ತಗೊಳ್ಳೋವಾಗ 750 ಇಲ್ಲಾ 850, ಎಟಿಎಕ್ಸ್ 3.0 (ಪವರ್ ಸಪ್ಲೈ ಸ್ಟಾಂಡರ್ಡು) ಇರೋದು ನೋಡಿ, ಈ ಥರ ಹಾರಾಟ ತಡ್ಕೋಬೇಕು ಅಂತ ಅದರಲ್ಲಿ ನಿಯಮಾನೇ ಇದೆ.

ಬೇಜಾರ್_ಗೇಮರ್:
80ಕ್ಕೆ ಇಟ್ಟಿದೀನಿ. ಥ್ಯಾಂಕ್ಸ್ ಗುರು.

ರ್ಯಾಮ್_ಬಾಣ:
ಇವತ್ತು ಸಂಜೆ ಆಫ್ ಆದಾಗ ಎಕ್ಸ್‌ಎಂಪಿ ಆನ್ ಇತ್ತಾ?